ನಮ್ಮ ಟ್ರ್ಯಾಕ್ಟರನ್ನು ಕಿಲೋ ಲೆಕ್ಕಕ್ಕೆ ಮಾರಬೇಡಿ

ಸಿಂಧನೂರಿನಲ್ಲಿ ಮಾರಾಟವಾದಷ್ಟು ಟ್ರ್ಯಾಕ್ಟರ್ ಏಷ್ಯಾದಲ್ಲೇ ಬೇರೆಲ್ಲೂ ಮಾರಾಟವಾಗುವುದಿಲ್ಲ ಎಂಬ ಮಾತನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ಚಹಾದಂಗಡಿಯಲ್ಲಿ ಅದೇ ಮಾತು, ಷೋರೂಮಿನ ರಿಬ್ಬನ್ ಕತ್ತರಿಸುವಾಗ ಅದೇ ಮಾತು, ಚುನಾವಣೆಯ ವೇದಿಕೆ ಮೇಲೂ ಅದೇ. ಏಷ್ಯಾದ ಲೆಕ್ಕ ಯಾರೇ ಇಟ್ಟಿರಲಿ, ಆ ಮಾತಿನ ಹಿಂದಿರುವ ಅಭಿಮಾನ ಸುಳ್ಳಲ್ಲ. ಆ ಅಭಿಮಾನಕ್ಕೇ ನನ್ನ ಪ್ರಶ್ನೆ: ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ ಈ ಎರೆಮಣ್ಣಿಗೆ ಇಳಿದ ಟ್ರ್ಯಾಕ್ಟರುಗಳ ಪೈಕಿ ಒಂದೇ ಒಂದನ್ನು ನಮ್ಮ ಮಕ್ಕಳಿಗೆ ಕರೆದೊಯ್ದು ತೋರಿಸಬಲ್ಲಿರಾ? ಅದನ್ನು ಮಾರಿದ ಕಂಪನಿಯ ಹಳೆಯ ಫಲಕವೊಂದು, ಗೋಡೆಬರಹವೊಂದು, ಕನ್ನಡ ಪತ್ರಿಕೆಯಲ್ಲಿ ಬಂದ ಜಾಹೀರಾತೊಂದು, ನಾಲ್ಕು ಜನ ನೋಡುವ ಜಾಗದಲ್ಲಿ ಎಲ್ಲಾದರೂ ಉಳಿದಿದೆಯೇ?

ಅವು ಎಲ್ಲಿಗೆ ಹೋದವು ಎಂಬುದು ಎಲ್ಲರಿಗೂ ಗೊತ್ತು. ಮೋಡಕಾಕ್ಕೆ, ಅಂದರೆ ಗುಜರಿಗೆ ಹೋದವು. ಸಿಂಧನೂರು, ಮಸ್ಕಿ, ಲಿಂಗಸೂಗೂರು, ಈ ಮೂರರಲ್ಲಿ ಯಾವ ಊರಿನಿಂದ ಹೊರಟರೂ ಮನೆಗಳು ತೆಳುವಾಗುವ ಹೊತ್ತಿಗೆ ರಸ್ತೆ ಬದಿಗೆ ತಕ್ಕಡಿ ಇಟ್ಟುಕೊಂಡ ಅಂಗಡಿ ಸಿಗುತ್ತದೆ. ಅಂಥ ಒಂದು ಅಂಗಳದಲ್ಲಿ ನಾನು ಕಂಡದ್ದನ್ನು ಹೇಳಲೇಬೇಕು. ಒಂದು ಹಳೆಯ ಟ್ರ್ಯಾಕ್ಟರನ್ನು ಅಲ್ಲಿ ಬಿಚ್ಚಿ ಹಾಕಿದ್ದರು. ಮಡ್‌ಗಾರ್ಡ್ ಒಂದು ಕಡೆ, ತಾಮ್ರದ ರೇಡಿಯೇಟರ್ ಒಂದು ಕಡೆ, ಬೀಡುಕಬ್ಬಿಣದ ಗೇರ್ ಪೆಟ್ಟಿಗೆಯನ್ನು ಸುತ್ತಿಗೆಯಿಂದ ಒಡೆದು ಮೂರು ಹೋಳು ಮಾಡಿದ್ದರು, ಲಾರಿಗೆ ಏರಿಸಲು ಸುಲಭವಾಗಲಿ ಎಂದು. ಬಾನೆಟ್ಟಿನ ಪಕ್ಕದಲ್ಲಿ ರಿವೆಟ್ ಹೊಡೆದಿದ್ದ ಅಂಗೈಯಗಲದ ಅಲ್ಯುಮಿನಿಯಂ ಪಟ್ಟಿ ಇನ್ನೂ ಇತ್ತು. ಅದರ ಮೇಲೆ ಮಾರಿದ ಡೀಲರನ ಊರು, ಮಾಡೆಲ್, ಸೀರಿಯಲ್ ನಂಬರ್. ಆ ಟ್ರ್ಯಾಕ್ಟರಿನ ಜಾತಕ ಅಂತ ಇದ್ದದ್ದು ಅದೊಂದೇ. ನನ್ನ ಕಣ್ಣೆದುರೇ ಹುಡುಗನೊಬ್ಬ ಉಳಿ ಇಟ್ಟು ರಿವೆಟ್ ಹಾರಿಸಿ ಅದನ್ನು ಅಲ್ಯುಮಿನಿಯಂ ಪಾತ್ರೆಗಳ ರಾಶಿಗೆ ಎಸೆದ.

ಅದರ ಪಕ್ಕದಲ್ಲಿ ಇನ್ನೊಬ್ಬ ಟ್ರಾಲಿಯ ತಳಕ್ಕೆ ತೇಪೆ ಹಾಕಲು ತಗಡು ಕತ್ತರಿಸುತ್ತಿದ್ದ. ಅದು ಬರೀ ತಗಡಾಗಿರಲಿಲ್ಲ. ಎತ್ತಿನ ಬಂಡಿಗೆ ಹಾಕುವ ಟೈರಿನ ಎನಾಮಲ್ ಜಾಹೀರಾತು ಫಲಕ. ನೀಲಿ ನೆಲದ ಮೇಲೆ ಬಿಳಿಯ ಕನ್ನಡ ಅಕ್ಷರ. ಉಳಿ ಬಿದ್ದ ಕಡೆಯೆಲ್ಲ ನೀಲಿ ಗಾಜಿನ ಹಳಕು ಸಿಡಿದು ನೆಲಕ್ಕೆ ಉದುರುತ್ತಿತ್ತು. ಎನಾಮಲ್ ಅಂದರೆ ಗಾಜೇ. ಉಕ್ಕಿನ ತಗಡಿನ ಮೇಲೆ ಬಣ್ಣದ ಗಾಜಿನ ಪುಡಿ ಲೇಪಿಸಿ ಸುಮಾರು 800 ಡಿಗ್ರಿ ಶಾಖದ ಕುಲುಮೆಯಲ್ಲಿ ಕರಗಿಸುತ್ತಾರೆ. ಬಣ್ಣಗಳು ಹೆಚ್ಚಾದಷ್ಟೂ ಸುಡುವ ಸರದಿಯೂ ಹೆಚ್ಚು. ಹಾಗೆ ಬೆಂದ ಅಕ್ಷರ ರಾಯಚೂರು ಜಿಲ್ಲೆಯ ಬಿಸಿಲಿಗೂ ಮಾಸುವುದಿಲ್ಲ. ಮೊಳೆ ಹೊಡೆದ ತೂತಿನ ಸುತ್ತ ಒಂದಿಷ್ಟು ತುಕ್ಕು ತಿನ್ನುತ್ತದೆ, ಅಷ್ಟೆ. ಐವತ್ತು ಅರವತ್ತು ಬೇಸಿಗೆಯ ಬಿಸಿಲನ್ನು ತಡೆದುಕೊಂಡ ಆ ಫಲಕವನ್ನು ನಾವು ಒಂದು ಮಧ್ಯಾಹ್ನದಲ್ಲಿ ತುಂಡು ಮಾಡಿದೆವು. ನಾನು ಕೇಳುವ ಹೊತ್ತಿಗೆ ಅರ್ಧ ಹೋಗಿತ್ತು. ಉಳಿದರ್ಧಕ್ಕೆ ಅಂಗಡಿಯವನು ಕೇಳಿದ್ದು ತಗಡಿನ ದರ.

ಆ ಅಂಗಡಿಯವನ ಮೇಲೆ ನನಗೆ ಸಿಟ್ಟಿಲ್ಲ. ಅವನು ತೂಗುವವನು, ತೂಗಿದ. ಸಾಲ ತೀರಿಸಲು ಹಳೆಯ ಗಾಡಿ ಮಾರಿದ ರೈತನ ಮೇಲಂತೂ ಇಲ್ಲವೇ ಇಲ್ಲ. ನನ್ನ ಸಿಟ್ಟು ಉಳಿಸುವ ಶಕ್ತಿ ಇದ್ದೂ ಉಳಿಸದವರ ಮೇಲೆ. ಇಲಾಖೆಗಳ ಮೇಲೆ, ಎಕ್ಸ್‌ಚೇಂಜ್ ಮೇಳ ಮಾಡಿ ಹಳೆಯ ಟ್ರ್ಯಾಕ್ಟರುಗಳನ್ನು ಸಾಲಾಗಿ ಎಳೆದುಕೊಂಡು ಹೋಗುವ ಮಾರಾಟಗಾರರ ಮೇಲೆ, ರಾಜರ ಕಾರಿಗೆ ಮಾತ್ರ ಚರಿತ್ರೆ ಇದೆ ಎಂದು ಕಾನೂನು ಬರೆದವರ ಮೇಲೆ.

ಈ ಯಂತ್ರಗಳು ನಮ್ಮ ನೆಲಕ್ಕೆ ಏನು ಮಾಡಿದವು ಎಂಬುದನ್ನು ನೆನೆಯಿರಿ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ನಿಂತಿತು. ಎಡದಂಡೆ ಆಗ ಹೈದರಾಬಾದ್ ರಾಜ್ಯದ್ದು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಜೋಳ, ಸಜ್ಜೆ, ಹತ್ತಿ ಬೆಳೆಯುತ್ತ ಮುಗಿಲು ನೋಡುತ್ತಿದ್ದ ಹೊಲಗಳು ನೋಡನೋಡುತ್ತ ಭತ್ತದ ಗದ್ದೆಯಾದವು. ಆಂಧ್ರದ ಕಡೆಯಿಂದ ರೈತರು ಬಂದು ಕ್ಯಾಂಪ್ ಕಟ್ಟಿದರು. ಪೂರ್ವ ಬಂಗಾಳದಿಂದ, ಬರ್ಮಾದಿಂದ ಎಲ್ಲ ಕಳೆದುಕೊಂಡು ಬಂದವರಿಗೆ ಸಿಂಧನೂರಿನ ಪಕ್ಕದಲ್ಲೇ ಪುನರ್ವಸತಿ ಕ್ಯಾಂಪುಗಳಾದವು. ಇಳಿಜಾರು ನೆಲವನ್ನು ಕೊರೆದು ಮಟ್ಟ ಮಾಡಬೇಕು, ಮಡಿ ಕಟ್ಟಬೇಕು, ನೀರು ನಿಲ್ಲಿಸಿ ಕೆಸರು ಮಾಡಬೇಕು. ಎತ್ತಿನ ಹೆಗಲಿನಿಂದ ಅಷ್ಟು ಬೇಗ ಆಗುವ ಕೆಲಸವಲ್ಲ ಅದು. ಚೈನ್ ಟ್ರ್ಯಾಕ್ಟರ್ ಬಂತು, ರಬ್ಬರ್ ಗಾಲಿಯದು ಬಂತು, ಕೆಸರಿಗೆ ಕಬ್ಬಿಣದ ಕೇಜ್ ವೀಲ್ ಬಂತು.

ದೇಶದಲ್ಲಿ ಟ್ರ್ಯಾಕ್ಟರ್ ತಯಾರಿಕೆ ಕಣ್ಣು ಬಿಟ್ಟದ್ದೂ ಅದೇ ಕಾಲಕ್ಕೆ. 1959ರಲ್ಲಿ ಫರೀದಾಬಾದಿನಲ್ಲಿ ಐಷರ್, ಅದರ ಬೆನ್ನಿಗೇ ಮದರಾಸಿನ ಟ್ಯಾಫೆ ಕಂಪನಿಯ ಮ್ಯಾಸಿ ಫರ್ಗ್ಯೂಸನ್, 1963ರಲ್ಲಿ ಮಹೀಂದ್ರಾದವರು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜತೆ ಸೇರಿ ಶುರು ಮಾಡಿದ್ದು, 1971ರಲ್ಲಿ ಚೆಕೊಸ್ಲೊವಾಕಿಯಾದ ಜೆಟರ್ ನೆರವಿನಿಂದ ಎಚ್‌ಎಂಟಿ, 1974ರಲ್ಲಿ ಪಂಜಾಬಿನ ಸ್ವರಾಜ್. ಎಚ್‌ಎಂಟಿ ಬೆಂಗಳೂರಿನಲ್ಲಿ ಹುಟ್ಟಿದ ಸಾರ್ವಜನಿಕ ಉದ್ಯಮ. ಗಡಿಯಾರದ ಮೇಲೆ ಇದ್ದ ಅದೇ ಹೆಸರು ಪಿಂಜೋರಿನಲ್ಲಿ ತಯಾರಾದ ಟ್ರ್ಯಾಕ್ಟರಿನ ಮೂತಿಯ ಮೇಲೂ ಇತ್ತು. 2016ರಲ್ಲಿ ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚುವ ತೀರ್ಮಾನವಾಯಿತು. ಹೊಸದು ಇನ್ನು ಹುಟ್ಟುವುದಿಲ್ಲ. ಹಾಗಿರುವಾಗ ಒಂದು ಎಚ್‌ಎಂಟಿ 2511 ಗುಜರಿಗೆ ಹೋದರೆ, ಅದರ ಬಿಡಿಭಾಗ ನಂಬಿ ಓಡುತ್ತಿರುವ ಇನ್ನೆರಡರ ಆಯಸ್ಸೂ ಕಡಿಮೆಯಾಗುತ್ತದೆ.

ಹಳೆಯ ಮ್ಯಾಸಿಯ ಹಿಂಭಾಗಕ್ಕೆ ಹೋಗಿ ಒಮ್ಮೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿ. ಕೆಳಗೆ ಎರಡು ತೋಳು, ಮೇಲೆ ಒಂದು. ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ಕಂಡುಹಿಡಿದ ಜೋಡಣೆ ಅದು. ಅದಕ್ಕೆ ಮೊದಲು ಟ್ರ್ಯಾಕ್ಟರ್ ಕೂಡ ಎತ್ತಿನ ಹಾಗೆಯೇ ನೇಗಿಲನ್ನು ಹಿಂದೆ ಎಳೆಯುತ್ತಿತ್ತು. ನೇಗಿಲು ಕಲ್ಲಿಗೆ ಸಿಕ್ಕಿಕೊಂಡರೆ ಮುಂದಿನ ಗಾಲಿ ಎದ್ದು ಗಾಡಿ ಹಿಂದಕ್ಕೆ ಮಗುಚಿ ಎಷ್ಟೋ ಚಾಲಕರು ಸತ್ತರು. ಈ ಮೂರು ತೋಳು ನೇಗಿಲನ್ನು ಗಾಡಿಯ ಮೈಗೇ ಅಂಟಿಸಿದವು. ನೆಲದ ಬಿಗಿ ಹೆಚ್ಚಿದಂತೆ ಆ ಭಾರವನ್ನು ಹಿಂದಿನ ಗಾಲಿಗೆ ಇಳಿಸಿ ಹಿಡಿತ ಕೊಟ್ಟವು. ಇಂದು ಸಿಂಧನೂರಿನ ಷೋರೂಮಿನಲ್ಲಿ ಲಕ್ಷಗಟ್ಟಲೆ ಬೆಲೆಗೆ ಸಿಗುವ ಹೊಸ ಟ್ರ್ಯಾಕ್ಟರಿನಲ್ಲೂ ಅದೇ ಮೂರು ತೋಳು. ಬ್ರಿಟನ್ನಿನಲ್ಲಿ 1946ರಿಂದ 1956ರವರೆಗೆ ತಯಾರಾದ ಬೂದು ಬಣ್ಣದ ಪುಟ್ಟ ಫರ್ಗ್ಯೂಸನ್‌ಗಳನ್ನು ಅಲ್ಲಿನ ರೈತರೇ ಸಂಘ ಕಟ್ಟಿಕೊಂಡು ಕಾಪಾಡುತ್ತಾರೆ, ಜಾತ್ರೆಗೆ ತಂದು ಉತ್ತು ತೋರಿಸುತ್ತಾರೆ. ಅವರಿಗೆ ಅದು ಅಜ್ಜನ ಬೆವರು. ನಮ್ಮ ಅಜ್ಜಂದಿರೂ ಬೆವರಿದ್ದಾರೆ.

ಗೋಡೆಬರಹದ ಮಾತಂತೂ ಇನ್ನೂ ಕಹಿ. ಮೂವತ್ತು ನಲವತ್ತು ವರ್ಷಗಳ ಹಿಂದೆ ಲಿಂಗಸೂಗೂರಿನಿಂದ ಮಸ್ಕಿ ಹಾದು ಸಿಂಧನೂರಿಗೆ ಬಸ್ಸಿನಲ್ಲಿ ಹೋಗುವವರಿಗೆ ಓದಲು ಪುಸ್ತಕ ಬೇಕಾಗಿರಲಿಲ್ಲ. ದಾರಿಯುದ್ದಕ್ಕೂ ಗೋಡೆಗಳೇ ಓದಿಸುತ್ತಿದ್ದವು. ಟ್ರ್ಯಾಕ್ಟರ್, ಪಂಪ್‌ಸೆಟ್, ಟೈರ್, ಬ್ಯಾಟರಿ, ಬೀಜ, ಗೊಬ್ಬರ, ಸಿಮೆಂಟು, ಬೀಡಿ. ಕ್ಯಾಂಪುಗಳ ಕಡೆ ಅದೇ ಜಾಹೀರಾತು ತೆಲುಗಿನಲ್ಲಿ.

ಆ ಗೋಡೆಗಳ ಮೇಲೆ ಬರೆಯುತ್ತಿದ್ದ ಪೇಂಟರ್ ಕೆಲಸ ಮಾಡುವುದನ್ನು ನೋಡಿದವರು ಮರೆಯಲಾರರು. ಮೊದಲು ಗೋಡೆಯ ಹಕ್ಕಳೆ ಕೆರೆಯಬೇಕು. ಎರಡು ಕೈ ಸುಣ್ಣ ಹೊಡೆದು ಒಣಗಲು ಬಿಡಬೇಕು. ನೀಲಿಪುಡಿ ಸವರಿದ ನೂಲನ್ನು ಇಬ್ಬರು ಎರಡು ತುದಿಗೆ ಬಿಗಿಯಾಗಿ ಹಿಡಿದು ನಡುವೆ ಎಳೆದು ಬಿಟ್ಟರೆ ಟಪ್ಪೆಂದು ನೇರ ಗೆರೆ ಮೂಡುತ್ತಿತ್ತು. ಕಂಪನಿ ಕೊಟ್ಟ ಅಂಗೈಯಗಲದ ಚಿತ್ರದ ಮೇಲೆ ಪೆನ್ಸಿಲಿನಲ್ಲಿ ಚೌಕುಳಿ, ಗೋಡೆಯ ಮೇಲೂ ಅಷ್ಟೇ ಚೌಕುಳಿ. ಒಂದೊಂದೇ ಮನೆ ತುಂಬುತ್ತ ಹೋದ ಹಾಗೆ ಟ್ರ್ಯಾಕ್ಟರು ಎಂಟಡಿ ಎತ್ತರಕ್ಕೆ ಎದ್ದು ನಿಲ್ಲುತ್ತಿತ್ತು. ಅಕ್ಷರದ ಕೆಲಸ ಅದಕ್ಕಿಂತ ಕಷ್ಟದ್ದು. ಮದರಾಸಿನಿಂದಲೋ ಮುಂಬಯಿಯಿಂದಲೋ ಬಂದ ಇಂಗ್ಲಿಷ್ ಅಕ್ಷರಕ್ಕೆ ಕೆಳಗೆ ಒತ್ತು ಇಲ್ಲ, ಮೇಲೆ ಗುಡಿಸು ಇಲ್ಲ. ನಮ್ಮ ‘ಟ್ರ್ಯಾಕ್ಟರ್’ ಬರೆಯಬೇಕಾದರೆ ಮೂರು ಅಂತಸ್ತಿನ ಜಾಗ ಬೇಕು. ಅದೇ ದಪ್ಪ, ಅದೇ ವಾಲು, ಅದೇ ನೆರಳು ಬಿಡಿಸಿ ಕನ್ನಡದಲ್ಲಿ ಆ ಕಂಪನಿಯ ಮುಖವನ್ನೇ ಹೊಸದಾಗಿ ಕಟ್ಟಿದವನು ಕಲಾಶಾಲೆಯ ಮೆಟ್ಟಿಲು ಹತ್ತದ ಪೇಂಟರ್. ಕೊನೆಯಲ್ಲಿ ಕೆಳಮೂಲೆಯಲ್ಲಿ ಬೆರಳುದ್ದದ ಜಾಗದಲ್ಲಿ ತನ್ನ ಹೆಸರು, ಊರು ಬರೆದು ಇಳಿಯುತ್ತಿದ್ದ.

ಕನ್ನಡ ಅಕ್ಷರ ವಿನ್ಯಾಸದ ಇತಿಹಾಸ ಬರೆಯುವವರು ಬೆಂಗಳೂರು, ಮಂಗಳೂರುಗಳ ಅಚ್ಚುಮೊಳೆಗಳ ಬಗ್ಗೆ ಬರೆದಾರು. ಬರೆಯಲಿ, ಬೇಕು. ಆದರೆ ಕಲ್ಯಾಣ ಕರ್ನಾಟಕದ ಹಳ್ಳಿಗರು ಅತಿ ದೊಡ್ಡ ಕನ್ನಡ ಅಕ್ಷರವನ್ನು ಕಂಡದ್ದು ಈ ಗೋಡೆಗಳ ಮೇಲೆ. ಉರ್ದುವಿನಲ್ಲಿ ಆಡಳಿತ ನಡೆದ ಸೀಮೆಯಲ್ಲಿ ಕನ್ನಡ ಬೀದಿಗೆ ಬಂದು ನಿಂತ ದಾಖಲೆ ಅದು. 2000ದ ಈಚೆಗೆ ಫ್ಲೆಕ್ಸ್ ಬಂತು. ಪೇಂಟರನ ಕೈ ಖಾಲಿಯಾಯಿತು. ಉಳಿದ ಗೋಡೆಗಳನ್ನು ರಸ್ತೆ ಅಗಲೀಕರಣ ಕೆಡವಿತು, ಕೆಡವದೆ ಉಳಿದದ್ದಕ್ಕೆ ಸ್ವಚ್ಛತೆಯ ಘೋಷಣೆ ಬರೆಸುವ ನೆಪದಲ್ಲಿ ಬಿಳಿ ಡಿಸ್ಟೆಂಪರ್ ಬಳಿದರು. ಹೊಸ ರಸ್ತೆ ಬೇಡ ಎನ್ನುವವನು ನಾನಲ್ಲ. ಕೆಡವುವ ಮುನ್ನ ಒಂದು ಫೋಟೋ ತೆಗೆಯಲು ಎಷ್ಟು ಹೊತ್ತು ಬೇಕಿತ್ತು? ಭೂಸ್ವಾಧೀನಕ್ಕಾಗಿ ಪ್ರತಿ ಮನೆಯ ಗೋಡೆಯನ್ನೂ ಟೇಪು ಹಿಡಿದು ಅಳೆದಿರಿ, ಪರಿಹಾರದ ಕಡತಕ್ಕೆ ಚಿತ್ರವನ್ನೂ ತೆಗೆದಿರಿ. ಆ ಗೋಡೆಯ ಮೇಲೆ ಏನು ಬರೆದಿತ್ತು ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲವೇ?

ಈ ಮಾತನ್ನು ಮಸ್ಕಿಯಲ್ಲಿ ನಿಂತು ಕೇಳಬೇಕಾಗಿ ಬಂದದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಸುತ್ತದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ನಿಕ್ಷೇಪ ಹುಡುಕುತ್ತ ಓಡಾಡುವಾಗ ಮಸ್ಕಿಯ ಗುಡ್ಡದಲ್ಲಿ ಬಂಡೆಯ ಮೇಲಿನ ಬರಹ ಕಂಡ. ಅಲ್ಲಿಯವರೆಗೆ ‘ದೇವರಿಗೆ ಪ್ರಿಯನಾದ ಪ್ರಿಯದರ್ಶಿ’ ಎಂದು ಶಾಸನಗಳಲ್ಲಿ ಬರುವ ರಾಜ ಯಾರು ಎಂಬುದಕ್ಕೆ ಕಲ್ಲಿನ ಸಾಕ್ಷಿ ಇರಲಿಲ್ಲ. ಮಸ್ಕಿಯ ಬಂಡೆ ಅಶೋಕ ಎಂಬ ಹೆಸರನ್ನೇ ಹೇಳಿತು. ಆ ವರ್ಷವೇ ಹೈದರಾಬಾದಿನ ಪುರಾತತ್ವ ಇಲಾಖೆ ಶಾಸನತಜ್ಞ ಕೃಷ್ಣಶಾಸ್ತ್ರಿಗಳಿಂದ ಬರೆಸಿ ಅದನ್ನು ಪ್ರಕಟಿಸಿತು. ಒಬ್ಬ ಅರಸ ಹಾದುಹೋಗುವ ಜನ ಓದಲಿ ಎಂದು ಬರೆಸಿದ ಕೆಲವೇ ಸಾಲು ಒಂದು ದೇಶದ ಇತಿಹಾಸವನ್ನು ಗಟ್ಟಿ ಮಾಡಿತು. ಆ ಸಾಲು ಸಿಗುವ ಮುಂಚಿನ ದಿನ ಯಾರಾದರೂ ಆ ಬಂಡೆಯನ್ನು ಜಲ್ಲಿಗೆ ಒಡೆದಿದ್ದರೆ? ಒಡೆಯಲಿಲ್ಲ ಎಂಬುದೇ ನಮ್ಮ ಪುಣ್ಯ. ಆ ಊರಿನವರಾದ ನಾವು, ದಾರಿಬದಿಯ ಬರಹದ ಬೆಲೆ ಏನೆಂದು ಮಿಕ್ಕೆಲ್ಲರಿಗಿಂತ ಚೆನ್ನಾಗಿ ಬಲ್ಲ ನಾವು, ನಮ್ಮ ಅಪ್ಪಂದಿರ ಕಾಲದ ಬರಹಗಳಿಗೆ ಸುಣ್ಣ ಹೊಡೆದು ಕೂತಿದ್ದೇವೆ.

ಈಗ ಕಾನೂನಿನ ಮಾತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನ ಎಂದರೆ ಯಾವುದು ಎಂದು ಬರೆಯಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ನೋಂದಣಿಗೆ 20,000 ರೂಪಾಯಿ, ನಂತರದ ನವೀಕರಣಕ್ಕೆ 5,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ವಿಶೇಷ ಗುರುತು. ಒಳ್ಳೆಯದೇ. ಆದರೆ ಆ ನಿಯಮ ಯಾರಿಗೆ? ದ್ವಿಚಕ್ರ ವಾಹನಗಳಿಗೆ ಮತ್ತು ಎಂ-1 ವರ್ಗದ ನಾಲ್ಕು ಚಕ್ರದ ವಾಹನಗಳಿಗೆ. ಎಂ-1 ಎಂದರೆ ಚಾಲಕನ ಸೀಟು ಬಿಟ್ಟು ಎಂಟಕ್ಕಿಂತ ಹೆಚ್ಚು ಸೀಟಿಲ್ಲದ ಪ್ರಯಾಣಿಕರ ವಾಹನ. ಅಂದರೆ ಕಾರು. ಬಸ್ಸಿಲ್ಲ, ಲಾರಿಯಿಲ್ಲ, ಟ್ರ್ಯಾಕ್ಟರಿಲ್ಲ. ಸಾವುಕಾರನ ಗ್ಯಾರೇಜಿನಲ್ಲಿ ನೆರಳಲ್ಲಿ ನಿಂತ ಕಾರು 50 ವರ್ಷಕ್ಕೆ ಪರಂಪರೆಯಾಗುತ್ತದೆ. ಹಟ್ಟಿಯ ಗಣಿ ಕಾರ್ಮಿಕರನ್ನು, ಗುಳೆ ಹೋಗುವ ಕುಟುಂಬಗಳನ್ನು, ಮುದಗಲ್ಲಿನ ಸಂತೆಗೆ ಹೋಗುವ ಹೆಂಗಸರನ್ನು ಹೊತ್ತ ಬಸ್ಸು ಅದೇ 50 ವರ್ಷಕ್ಕೆ ಏನೂ ಆಗುವುದಿಲ್ಲ. ಒಂದು ತಾಲ್ಲೂಕಿನ ನೆಲವನ್ನೇ ತಿರುವಿ ಹಾಕಿದ ಟ್ರ್ಯಾಕ್ಟರಿಗೂ ಅದೇ ಗತಿ. ಈ ವ್ಯಾಖ್ಯಾನವನ್ನು ನಾನು ಒಪ್ಪುವುದಿಲ್ಲ. ದುಡಿದ ಯಂತ್ರವನ್ನು ಹೊರಗಿಟ್ಟು ಮೆರೆದ ಯಂತ್ರವನ್ನು ಮಾತ್ರ ಒಳಗೆ ಕರೆದ ಕಾನೂನು ಅನ್ಯಾಯದ ಕಾನೂನು.

ಇದರ ಮೇಲೆ ಇನ್ನೊಂದು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವಂತಿಲ್ಲ. ಕೇಂದ್ರ, ರಾಜ್ಯ, ನಗರಸಭೆ, ಪಂಚಾಯಿತಿ, ಸಾರಿಗೆ ನಿಗಮ ಎಲ್ಲಕ್ಕೂ ಅನ್ವಯ. ದೇಶರಕ್ಷಣೆಗೆ, ಕಾನೂನು ಸುವ್ಯವಸ್ಥೆಗೆ ಬಳಸುವ ವಿಶೇಷ ವಾಹನಗಳಿಗೆ ವಿನಾಯಿತಿ ಇದೆ. ಹೊಗೆ ಉಗುಳುವ ಗಾಡಿ ರಸ್ತೆಯಿಂದ ಇಳಿಯಲಿ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಮಕ್ಕಳ ಶ್ವಾಸಕೋಶ ಮುಖ್ಯ. ಆದರೆ ಚಪ್ಪರದಡಿ ನಿಂತ ಬಸ್ಸು ಹೊಗೆ ಉಗುಳುವುದಿಲ್ಲ. ನೀರಾವರಿ ಇಲಾಖೆಯ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಬಿದ್ದಿರುವ ಜೀಪು, ರೋಡ್ ರೋಲರ್, ಪಂಪು, ಇವನ್ನು ನೋಡಿ ಇದೊಂದು ಇರಲಿ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಹರಾಜು ಕೂಗುವ ಅಧಿಕಾರ ಮಾತ್ರ ಇದೆ.

ನಿಜಾಮರ ಆಳ್ವಿಕೆಯಲ್ಲಿ ನಾವಿದ್ದೆವಲ್ಲ, ಅಲ್ಲಿಂದಲೇ ಉದಾಹರಣೆ ಕೊಡುತ್ತೇನೆ. 1912ರ ಹಳದಿ ರೋಲ್ಸ್-ರಾಯ್ಸ್ ಸಿಲ್ವರ್ ಘೋಸ್ಟ್ ಇವತ್ತು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಥಳಥಳಿಸುತ್ತಿದೆ. ಸಿಂಹಾಸನದಂಥ ಸೀಟಿನ ಆ ಕಾರು ಓಡಿದ್ದೇ ಕೆಲವು ನೂರು ಮೈಲಿ. ಅದೇ ರಾಜ್ಯದಲ್ಲಿ 1932ರ ಜೂನ್‌ನಲ್ಲಿ 27 ಬಸ್ಸು, 166 ನೌಕರರೊಂದಿಗೆ ಸರ್ಕಾರಿ ರಸ್ತೆ ಸಾರಿಗೆ ಶುರುವಾಯಿತು. ಆ ಕಾಲದ ಒಂದು ಆಲ್ಬಿಯನ್ ಬಸ್ಸನ್ನು ತೆಲಂಗಾಣದ ಸಾರಿಗೆ ಸಂಸ್ಥೆ ದುರಸ್ತಿ ಮಾಡಿ ಇಟ್ಟುಕೊಂಡಿದೆ, ಜನ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಆ ಪರಂಪರೆಯಲ್ಲಿ ನಮ್ಮ ರಾಯಚೂರು, ಕಲಬುರಗಿಗೂ ಪಾಲಿದೆ. ಆದರೆ ನಮ್ಮ ಪಾಲಿನದು ಯಾವ ಡಿಪೋದಲ್ಲಿದೆ?

ಕರ್ನಾಟಕದಲ್ಲಿ ಮಾಡುವವರಿಲ್ಲ ಎಂದಲ್ಲ. ಧರ್ಮಸ್ಥಳದವರು ಹಳೆಯ ಕಾರುಗಳನ್ನು ದಶಕಗಳಿಂದ ಕೂಡಿಟ್ಟು ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಸಂಗ್ರಹಾಲಯ ಮಾಡಿದ್ದಾರೆ, ಅವರಿಗೆ ಕೈಮುಗಿಯುತ್ತೇನೆ. ಹರಿಯಾಣದ ತಾವಡುವಿನಲ್ಲಿ 2013ರಲ್ಲಿ ತೆರೆದ ಸಾರಿಗೆ ಸಂಗ್ರಹಾಲಯದಲ್ಲಿ ಕಾರಿನಷ್ಟೇ ಗೌರವದಿಂದ ಹಳೆಯ ಬಸ್ಸನ್ನೂ ನಿಲ್ಲಿಸಿದ್ದಾರೆ, ಹಳೆಯ ಫಲಕ, ಭಿತ್ತಿಪತ್ರಗಳಿಗೂ ಗೋಡೆ ಕೊಟ್ಟಿದ್ದಾರೆ. ಜೇವರ್ಗಿಯಿಂದ ಹೊರಟು ಲಿಂಗಸೂಗೂರು, ಮಸ್ಕಿ, ಸಿಂಧನೂರು, ಬಳ್ಳಾರಿ ಹಾದುಹೋಗುವ 150-ಎ ಹೆದ್ದಾರಿ ಮುಂದೆ ಅದೇ ಶ್ರೀರಂಗಪಟ್ಟಣವನ್ನು ಮುಟ್ಟುತ್ತದೆ. ಒಂದೇ ರಸ್ತೆ. ಅದರ ದಕ್ಷಿಣದಲ್ಲಿ ಹಳೆಯ ವಾಹನಕ್ಕೆ ಸೂರು, ನಮ್ಮ ಕಡೆ ಗ್ಯಾಸ್ ಕಟರ್. ಇದನ್ನು ಸಹಿಸಿಕೊಳ್ಳಬೇಕೇಕೆ?

ಸಂಗ್ರಹಕಾರರಿಗೂ ಹೇಳುವುದಿದೆ. ನಿಮ್ಮಲ್ಲಿ ಪ್ರಾಮಾಣಿಕರು ಬಹಳ ಮಂದಿ, ನಿಮ್ಮಿಂದಲೇ ಒಂದಿಷ್ಟು ಉಳಿದಿದೆ. ಆದರೆ ಪ್ರೀತಿಯ ಹೆಸರಿನಲ್ಲೇ ಹಾಳುಗೆಡಹುವವರನ್ನೂ ನಾನು ಕಂಡಿದ್ದೇನೆ. ‘ಸುಧಾ’, ‘ಕಸ್ತೂರಿ’, ‘ಮಯೂರ’ಗಳ ಹಳೆಯ ಸಂಪುಟವನ್ನು ರದ್ದಿಯಲ್ಲಿ ಕೊಂಡು, ಅದರಲ್ಲಿ ಬಂದ ಮೈಸೂರಿನ ಜಾವಾದ್ದೋ, ಎನ್‌ಫೀಲ್ಡಿನದ್ದೋ ಜಾಹೀರಾತಿನ ಪುಟವನ್ನು ಬ್ಲೇಡಿನಿಂದ ಕೊಯ್ದು ಚೌಕಟ್ಟು ಹಾಕಿಸಿ, ಮಿಕ್ಕ ಸಂಪುಟವನ್ನು ಮತ್ತೆ ರದ್ದಿಗೇ ಹಾಕುತ್ತಾರೆ. ಆ ಪುಟದ ಹಿಂದೆ ಯಾರದೋ ಕಥೆಯ ಕೊನೆಯಿತ್ತು. ಆ ಜಾಹೀರಾತು ಯಾವ ತಿಂಗಳು, ಯಾವ ಸುದ್ದಿಯ ಪಕ್ಕ, ಯಾವ ಬೆಲೆಗೆ ಬಂತು ಎಂಬುದು ಸಂಪುಟದಲ್ಲಿದ್ದಾಗ ಮಾತ್ರ ತಿಳಿಯುತ್ತದೆ. ಕೊಯ್ದ ಮೇಲೆ ಅದು ಹೋಟೆಲಿನ ಗೋಡೆಯ ಅಲಂಕಾರ. ಸ್ಕ್ಯಾನ್ ಮಾಡಿ ಅಚ್ಚು ಹಾಕಿಸಿಕೊಳ್ಳಿ, ಸಂಪುಟ ಮುಟ್ಟಬೇಡಿ. ಗ್ರಂಥಾಲಯಗಳವರೂ ಅಷ್ಟೇ. ಜಾಗ ಸಾಲದೆಂದು ಹಳೆಯ ಮಾಸಿಕಗಳನ್ನು ತೂಕಕ್ಕೆ ಹಾಕುವುದು ನಿಮ್ಮ ಕೆಲಸವಲ್ಲ, ನಿಮ್ಮ ಕೆಲಸಕ್ಕೆ ವಿರುದ್ಧವಾದದ್ದು.

ಗಾಡಿ ದುರಸ್ತಿಯಲ್ಲೂ ಇದೇ ಪಾಪ ನಡೆಯುತ್ತದೆ. ಹಳೆಯ ಟ್ರ್ಯಾಕ್ಟರ್ ಸಿಕ್ಕರೆ ಮೊದಲು ಮಾಡುವ ಕೆಲಸ ಮರಳು ಹೊಡೆದು ಮೂಲ ಬಣ್ಣ ಕಿತ್ತೊಗೆಯುವುದು. ಆಮೇಲೆ ಕಾರಿನ ಹೊಳಪಿನ ಪೇಂಟು, ಅಂಟಿಸುವ ಸ್ಟಿಕ್ಕರು. ಡೀಲರನ ಪಟ್ಟಿ ಕಸಕ್ಕೆ. ಮಡ್‌ಗಾರ್ಡಿನ ಮೇಲೆ ಊರಿನ ಪೇಂಟರ್ ಬರೆದಿದ್ದ ದೇವರ ಹೆಸರು, ಮಕ್ಕಳ ಹೆಸರು, ಹಳ್ಳಿಯ ಹೆಸರು ಕಸಕ್ಕೆ. ಬ್ರೇಕ್ ಪೆಡಲಿನ ಮೇಲೆ ಚಾಲಕನ ಕಾಲು ಸವೆಸಿದ ತಗ್ಗನ್ನೂ ವೆಲ್ಡಿಂಗ್ ತುಂಬಿ ಸಮ ಮಾಡುತ್ತಾರೆ. ಇಂಜಿನ್ ಓಡುವಂತೆ ಮಾಡಿ, ತುಕ್ಕು ಹರಡದಂತೆ ಎಣ್ಣೆ ಹಚ್ಚಿ, ಒಡೆದದ್ದನ್ನು ಜೋಡಿಸಿ. ಅಲ್ಲಿಗೆ ನಿಲ್ಲಿಸಿ. ಹಾಗೆ ನಿಲ್ಲಿಸಬಲ್ಲ ಕೈಗಳು ನಮ್ಮಲ್ಲೇ ಇವೆ. ಸಿಂಧನೂರಿನ ಗ್ಯಾರೇಜುಗಳಲ್ಲಿ ಇಂಜಿನ್ನಿನ ಸದ್ದು ಕೇಳಿಯೇ ಯಾವ ನಾಜಲ್ ಕಟ್ಟಿದೆ ಎಂದು ಹೇಳುವ ಹಿರಿಯ ಮಿಸ್ತ್ರಿಗಳಿದ್ದಾರೆ. ಪುಸ್ತಕದಲ್ಲಿಲ್ಲದ ವಿದ್ಯೆ ಅವರದು. ಯಾವ ವಿಶ್ವವಿದ್ಯಾಲಯವೂ ಅವರ ಮುಂದೆ ಕುಳಿತು ಬರೆದುಕೊಳ್ಳುವ ತೊಂದರೆ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಆ ವಿದ್ಯೆಗೆ ಕೆಲಸ ಕೊಡುವ ಗಾಡಿಗಳನ್ನು ಕತ್ತರಿಸಿದರೆ ವಿದ್ಯೆಯೂ ಅವರ ಜತೆಗೇ ಮುಗಿಯುತ್ತದೆ.

ಕುಡಿಯುವ ನೀರಿಲ್ಲ, ಶಾಲೆಗೆ ಮೇಷ್ಟ್ರಿಲ್ಲ, ಕಾಲುವೆಯ ಕೊನೆಯಂಚಿಗೆ ಇನ್ನೂ ನೀರು ಮುಟ್ಟಿಲ್ಲ, ಇಂಥಲ್ಲಿ ಹಳೆಯ ಟ್ರ್ಯಾಕ್ಟರಿನ ಚಿಂತೆಯೇ ಎಂದು ಕೇಳುವವರಿದ್ದಾರೆ. ನೀರಿಗಾಗಿ ನಡೆದ ಹೋರಾಟದಲ್ಲಿ ರಸ್ತೆಗೆ ಇಳಿದದ್ದು ಇದೇ ಟ್ರ್ಯಾಕ್ಟರುಗಳು. ನಮ್ಮ ಬಡತನವನ್ನು ನಮ್ಮ ನೆನಪಿನ ವಿರುದ್ಧ ಎತ್ತಿ ಕಟ್ಟಬೇಡಿ. ನಾನು ಕೇಳುತ್ತಿರುವುದು ಕೋಟಿಗಳ ಯೋಜನೆಯನ್ನಲ್ಲ. ಸಿಂಧನೂರಿನ ಎಪಿಎಂಸಿ ಅಂಗಳದಲ್ಲಿ ನಾಲ್ಕು ಕಂಬ, ಮೇಲೆ ತಗಡು. ಮಾರಾಟಗಾರರು ಎಕ್ಸ್‌ಚೇಂಜಿನಲ್ಲಿ ಬಂದ ಹಳೆಯ ಗಾಡಿಗಳಲ್ಲಿ ಒಂದೊಂದು ಮಾಡೆಲ್ ಅಲ್ಲಿ ತಂದು ನಿಲ್ಲಿಸಲಿ, ಈ ನೆಲದಿಂದ ದುಡಿದುಕೊಂಡ ಕಂಪನಿಗಳಿಗೆ ಅದು ಭಾರವಲ್ಲ. ಸಾರಿಗೆ ನಿಗಮ ಲಿಂಗಸೂಗೂರಿನ ಡಿಪೋದಲ್ಲಿ ಒಂದು ಹಳೆಯ ಬಸ್ಸನ್ನು ಅದರ ಬೋರ್ಡು, ಟಿಕೆಟ್ ಪೆಟ್ಟಿಗೆ ಸಮೇತ ಉಳಿಸಲಿ. ಮಸ್ಕಿಯ ಕಾಲೇಜು ಹುಡುಗರು ಒಂದು ಬೇಸಿಗೆ ರಜೆಯಲ್ಲಿ ಮೂರು ತಾಲ್ಲೂಕುಗಳ ಉಳಿದ ಗೋಡೆಬರಹಗಳನ್ನೆಲ್ಲ ಚಿತ್ರ ತೆಗೆದು, ಮೂಲೆಯಲ್ಲಿರುವ ಪೇಂಟರನ ಹೆಸರು ಬರೆದುಕೊಳ್ಳಲಿ. ಬದುಕಿರುವ ಪೇಂಟರುಗಳನ್ನು ಕರೆಸಿ ಸಂಭಾವನೆ ಕೊಟ್ಟು ಮತ್ತೆ ಬರೆಸಲಿ. ವಿಂಟೇಜ್ ನಿಯಮಕ್ಕೆ ಟ್ರ್ಯಾಕ್ಟರ್, ಬಸ್ಸು, ಲಾರಿ ಸೇರಿಸಬೇಕೆಂದು ನಮ್ಮ ಸಂಸದರು ಲೋಕಸಭೆಯಲ್ಲಿ ಎದ್ದು ನಿಂತು ಕೇಳಲಿ.

ಮುಂದಿನ ಹರಾಜಿನ ನೋಟಿಸು ಅಂಟಿಸಲಿರುವ ಅಧಿಕಾರಿಗೆ ಈಗಲೇ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿ ಇಂಜಿನ್ ನಂಬರ್, ಚಾಸಿ ನಂಬರ್ ಬರೆಯುತ್ತೀರಿ. ಅದರ ಪಕ್ಕದಲ್ಲಿ ತಯಾರಾದ ಇಸವಿಯನ್ನೂ ಬರೆಯಿರಿ, ನಾಲ್ಕೂ ಬದಿಯ ಚಿತ್ರ ತೆಗೆಯಿರಿ. ನಲವತ್ತು ವರ್ಷ ದಾಟಿದ್ದೇನಾದರೂ ಇದ್ದರೆ ಕಟರ್ ಮುಟ್ಟಿಸುವ ಮುನ್ನ ಊರಿಗೆ ಒಂದು ತಿಂಗಳು ಸಮಯ ಕೊಡಿ. ನಾವು ಬರುತ್ತೇವೆ. ನೀವು ಕಟ್ಟಿದ ಕಿಲೋ ಬೆಲೆಯನ್ನು ನಾವೇ ಚಂದಾ ಎತ್ತಿ ಕಟ್ಟುತ್ತೇವೆ, ಹಗ್ಗ ಹಾಕಿ ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಹೋಗುತ್ತೇವೆ.